ಪೊಲೀಸರ ಮೇಲೆ ದೂರು: ಯಾವ ಕಾಗದ ಕೇಳಬೇಕು?

ಠಾಣೆಗೆ ಕರೆಸಿ ಹೊಡೆದರು, ದೂರು ಕೊಟ್ಟರೆ ತಗೊಳ್ಳಲಿಲ್ಲ, ಹೊಲದ ತಕರಾರಿನಲ್ಲಿ ಎದುರು ಪಾರ್ಟಿಯ ಪರ ನಿಂತರು. ಹಿರೇಕೊಟ್ನೆಕಲ್, ಮಾನ್ವಿ, ದೇವದುರ್ಗದಂಥ ಕಡೆ ಇಂಥ ಸಂಕಟವಿದ್ದವರು ಮಾಹಿತಿ ಹಕ್ಕಿನ ಅರ್ಜಿ ಬರೆಸುತ್ತಾರೆ. ಆ ಅರ್ಜಿಯಲ್ಲಿ ಕೇಳುವುದು ಮಾತ್ರ ಸಾಹೇಬರ ಸೇವಾ ಪುಸ್ತಕ, ಅವರಿಗಾದ ಶಿಕ್ಷೆ, ಅವರ ಆಸ್ತಿ ವಿವರ. ‘ವೈಯಕ್ತಿಕ ಮಾಹಿತಿ’ ಎಂಬ ಹಿಂಬರಹ ಬರುತ್ತದೆ, ಜನ ಕೈಚೆಲ್ಲುತ್ತಾರೆ. ಅಧಿಕಾರಿಯ ಕಡತವನ್ನಲ್ಲ, ನಿಮ್ಮ ದೂರಿನ ಕಡತವನ್ನು ಕೇಳಿ.

ಅದಕ್ಕೆ ಮೊದಲು ದೂರು ಇರಬೇಕು. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಪೊಲೀಸ್ ದೂರು ಪ್ರಾಧಿಕಾರಗಳು ಹುಟ್ಟಿದವು. ಕರ್ನಾಟಕ 2012ರಲ್ಲಿ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅವುಗಳಿಗೆ ಜಾಗ ಕೊಟ್ಟಿತು. ಕೋರ್ಟಿನ ಆದೇಶದಂತೆ ಡಿವೈಎಸ್‌ಪಿವರೆಗಿನವರ ಮೇಲಿನ ದೂರು ಜಿಲ್ಲಾ ಪ್ರಾಧಿಕಾರಕ್ಕೆ, ಎಸ್‌ಪಿ ಮತ್ತು ಮೇಲಿನವರದು ರಾಜ್ಯ ಪ್ರಾಧಿಕಾರಕ್ಕೆ. ಕಸ್ಟಡಿ ಸಾವು, ತೀವ್ರ ಗಾಯ, ಅತ್ಯಾಚಾರ ಮಾತ್ರವಲ್ಲ, ಸುಲಿಗೆ, ಜಮೀನು ಕಬಳಿಕೆ, ಅಧಿಕಾರದ ಗಂಭೀರ ದುರುಪಯೋಗವೂ ಜಿಲ್ಲಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಈ ಪ್ರಾಧಿಕಾರದ ಹೆಸರೇ ಬಹಳ ಜನರಿಗೆ ಗೊತ್ತಿಲ್ಲ. ಪ್ರತಿ ಠಾಣೆಯ ಗೋಡೆಯ ಮೇಲೆ ಅದರ ವಿಳಾಸ ಬರೆಸಬೇಕಾದ ಹೊಣೆ ಸರ್ಕಾರದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ದೂರಿನಲ್ಲಿ ದಿನಾಂಕ, ಹೊತ್ತು, ಜಾಗ, ಕಂಡವರು, ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಯ ಚೀಟಿ ಇರಲಿ. ಎಫ್‌ಐಆರ್ ಹಾಕಲು ಒಪ್ಪದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173(4)ರಡಿ ದೂರನ್ನು ರಾಯಚೂರಿನ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಅದರ ಪ್ರತಿ ಪ್ರಾಧಿಕಾರಕ್ಕೂ ಹೋಗಲಿ. ಅಂಚೆ ರಸೀದಿ ಕಳೆಯಬೇಡಿ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಅದೇ ದಿನ ಇನ್ನೊಂದು ಕಾಗದ ಬರೆಯಿರಿ. ಠಾಣೆಯ ಸಿಸಿಟಿವಿ ದೃಶ್ಯವನ್ನು 18 ತಿಂಗಳು ಇಡಬೇಕು, ಅಷ್ಟು ಆಗದಿದ್ದರೂ ಒಂದು ವರ್ಷಕ್ಕೆ ಕಡಿಮೆಯಾಗಬಾರದು ಎಂದು 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಹೇಳಿದೆ. ಆದೇಶ ಇದೆ ಎಂದು ನಂಬಿ ಕೂತರೆ ‘ಹಾರ್ಡ್ ಡಿಸ್ಕ್ ಕೆಟ್ಟಿದೆ’ ಎಂಬ ಉತ್ತರ ಬರಬಹುದು. ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯವನ್ನು ಅಳಿಸದೆ ಕಾದಿಡಿ ಎಂದು ಎಸ್‌ಪಿಗೆ ಬರೆದು ಸ್ವೀಕೃತಿ ಪಡೆಯಿರಿ.

ಈಗ ಮಾಹಿತಿ ಹಕ್ಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮಿತಿ. ಬಹಳಷ್ಟು ಜನ ಆ ಪದಗಳನ್ನೆಲ್ಲ ಅನ್ಯಾಯದ ಕತೆ ಹೇಳಲಿಕ್ಕೇ ಖರ್ಚು ಮಾಡಿ, ಕೊನೆಗೆ ‘ಯಾಕೆ ಕ್ರಮ ಕೈಗೊಂಡಿಲ್ಲ?’ ಎಂದು ಕೇಳುತ್ತಾರೆ. ಮಾಹಿತಿ ಅಧಿಕಾರಿ ದಾಖಲೆ ಕೊಡಬೇಕಾದವನು, ‘ಯಾಕೆ’ಗೆ ವಿವರಣೆ ಬರೆಯಬೇಕಾದವನಲ್ಲ. ಸೇವಾ ಪುಸ್ತಕ ಕೇಳಿದರಂತೂ ಬಾಗಿಲು ಮುಚ್ಚಿದಂತೆ. 2012ರ ಗಿರೀಶ್ ದೇಶಪಾಂಡೆ ತೀರ್ಪು ನೌಕರನಿಗೆ ಬಂದ ಮೆಮೊ, ಶಿಕ್ಷೆಯ ಆದೇಶಗಳನ್ನು ವೈಯಕ್ತಿಕ ಎಂದಿತು. ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ 2025ರ ನವೆಂಬರ್‌ನಲ್ಲಿ ಜಾರಿಯಾದ ತಿದ್ದುಪಡಿ, ವೈಯಕ್ತಿಕ ಮಾಹಿತಿಯನ್ನು ತಡೆಹಿಡಿಯುವ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಮತ್ತಷ್ಟು ಬಿಗಿ ಮಾಡಿದೆ. ಇದು ನಾಗರಿಕರಿಗಾದ ದೊಡ್ಡ ನಷ್ಟ. ಆದರೂ 8(2) ಉಳಿದಿದೆ: ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು. ಅರ್ಜಿಯಲ್ಲೇ ಆ ಕಲಮನ್ನು ಒಂದು ಸಾಲಿನಲ್ಲಿ ನಮೂದಿಸಿ.

ಹೀಗೆ ಬರೆಯಿರಿ: ‘ದಿನಾಂಕ ಇಂಥದ್ದರಂದು ನಾನು ಸಲ್ಲಿಸಿದ ದೂರಿನ ಕಡತದ ಟಿಪ್ಪಣಿ ಹಾಳೆಗಳು, ವಿಚಾರಣಾಧಿಕಾರಿಯ ವರದಿ, ನನಗೆ ನೀಡಿದ ಹಿಂಬರಹ ಇವುಗಳ ದೃಢೀಕೃತ ಪ್ರತಿ ಕೊಡಿ. ಕೊಡಬಾರದ ಭಾಗವಿದ್ದರೆ ಕಲಂ 10ರಂತೆ ಅದನ್ನಷ್ಟೇ ಮರೆಮಾಡಿ ಉಳಿದದ್ದು ಕೊಡಿ.’ ಘಟನೆ ನಡೆದ ದಿನದ ಠಾಣಾ ದಿನಚರಿಗೆ ಬೇರೆ ಅರ್ಜಿ ಹಾಕಿ. ‘ತನಿಖೆ ನಡೆದಿದೆ’ ಎಂದು 8(1)(ಎಚ್) ತೋರಿಸಿದರೆ, ತನಿಖೆಗೆ ಹೇಗೆ ಅಡ್ಡಿಯಾಗುತ್ತದೆ ಎಂಬುದನ್ನೂ ಅವರೇ ಹೇಳಬೇಕು. ದೆಹಲಿ ಹೈಕೋರ್ಟ್ 2007ರಲ್ಲಿ ಭಗತ್ ಸಿಂಗ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ.

ಶುಲ್ಕ 10 ರೂಪಾಯಿ ಪೋಸ್ಟಲ್ ಆರ್ಡರ್, ಪ್ರತಿಗೆ ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕುಟುಂಬದವರು ಕಾರ್ಡಿನ ಜೆರಾಕ್ಸ್ ಇಟ್ಟರೆ ಅರ್ಜಿ ಶುಲ್ಕವಿಲ್ಲ. ವಿಳಾಸ: ಸಾರ್ವಜನಿಕ ಮಾಹಿತಿ ಅಧಿಕಾರಿ, ಜಿಲ್ಲಾ ಪೊಲೀಸ್ ಕಚೇರಿ, ರಾಯಚೂರು. ತಪ್ಪು ಕಚೇರಿಗೆ ಹೋದರೆ ಐದು ದಿನದಲ್ಲಿ ಅವರೇ ವರ್ಗಾಯಿಸಬೇಕು.

30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದಲ್ಲಿ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಮಾನವ ಹಕ್ಕು ಆಯೋಗಕ್ಕೆ ಹೋಗುವವರು ಘಟನೆ ನಡೆದ ಒಂದು ವರ್ಷದೊಳಗೆ ದೂರು ಕೊಡಿ, ಮಾಹಿತಿ ಅರ್ಜಿಯ ಉತ್ತರಕ್ಕೆ ಕಾಯಬೇಡಿ.