ಜನರೇಟರಿನ ಡೀಸೆಲ್ ಫಿಲ್ಟರ್ ಬದಲಿಸುವುದು

ಬಸವಕಲ್ಯಾಣ, ಹುಮನಾಬಾದ ಕಡೆ ಮದುವಿ, ಜಾತ್ರಿಯಲ್ಲಿ ಕರೆಂಟ್ ಹೋದರೆ ಜನರೇಟರೇ ಗತಿ. ನಮ್ಮ ಕಾಕಾ ಅದನ್ನು ಬಾಡಿಗೆಗೆ ಕೊಡುತ್ತಾರೆ. ನಡುವೆ ಬಂದ್ ಬಿದ್ದರೆ ಆ ದಿನದ ಬಾಡಿಗಿ ಹೋಯ್ತು. ಪಾನಾ ಹಿಡಿದು ನಾನು ಕಲಿತದ್ದು ಇಷ್ಟು.

ಡೀಸೆಲಿನ ಧೂಳು, ತುಕ್ಕನ್ನು ಫಿಲ್ಟರ್ ತಡೆಯುತ್ತದೆ. ಅದು ಕಟ್ಟಿಕೊಂಡರೆ ಲೋಡ್ ಹಾಕಿದ ಕೂಡಲೆ ಎಂಜಿನ್ ಎಳೆಯುವುದಿಲ್ಲ.

ಕ್ರಮ:
1. ಎಂಜಿನ್ ಬಂದ್ ಮಾಡಿ ತಣ್ಣಗಾಗಲು ಬಿಡಬೇಕು. ಹತ್ತಿರ ಬೀಡಿ, ಬೆಂಕಿ ಬೇಡ.
2. ಟಾಕಿಯ ಕಾಕ್ ಮುಚ್ಚಿ, ಕೆಳಗೆ ಡಬ್ಬಿ ಇಟ್ಟು ಹಳೆ ಫಿಲ್ಟರ್ ಬಿಚ್ಚಬೇಕು.
3. ಅದನ್ನು ಅಂಗಡಿಯಲ್ಲಿ ತೋರಿಸಿ ಅಂಥದ್ದೇ ತಂದು, ಹೊಸ ವಾಶರ್ ಸಹಿತ ಕೂಡಿಸಬೇಕು.
4. ಕಾಕ್ ತೆರೆದು, ಫಿಲ್ಟರ್ ಮೇಲಿನ ಗಾಳಿ ಸ್ಕ್ರೂ ಸಡಿಲಿಸಬೇಕು. ಗುಳ್ಳಿ ನಿಂತು ಬರೇ ಡೀಸೆಲ್ ಬಂದ ಮೇಲೆ ಬಿಗಿಯಬೇಕು.

ನಾಲ್ಕನೆಯದೇ ಮುಖ್ಯ. ಏಕೆ? ಹೋಳಿ ಪಿಚಕಾರಿಯ ಬಾಯಿ ಬೆರಳಿನಿಂದ ಮುಚ್ಚಿ ಒತ್ತಿ ನೋಡಿರಿ. ಗಾಳಿ ಇದ್ದರೆ ದಂಡ ಒಳಗೆ ಹೋಗುತ್ತದೆ, ನೀರು ತುಂಬಿದ್ದರೆ ಹೋಗುವುದಿಲ್ಲ. ಗಾಳಿ ಕುಗ್ಗುತ್ತದೆ, ದ್ರವ ಕುಗ್ಗುವುದು ಬಹಳ ಕಡಿಮೆ. ಪೈಪಿನಲ್ಲಿ ಗಾಳಿ ಉಳಿದರೆ ಪಂಪಿನ ಒತ್ತಡ ಅದನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ, ಇಂಜೆಕ್ಟರ್ ತೆರೆಯುವುದಿಲ್ಲ. ಹ್ಯಾಂಡಲ್ ಎಷ್ಟು ತಿರುಗಿಸಿದರೂ ಎಂಜಿನ್ ಚಾಲು ಆಗದು. ಇದಕ್ಕೇ ಕಾಕಾ “ಗಾಳಿ ಹಿಡದದ” ಅನ್ನುತ್ತಾರೆ.

ಡಬ್ಬಿಯ ಹೊಲಸು ಡೀಸೆಲ್ ಬಾವಿ, ಹಳ್ಳದ ಹತ್ತಿರ ಚೆಲ್ಲಬಾರದು.