‘ಲೀವ್’ ಎಂದರೆ ರಜೆಯಲ್ಲ

ಪ್ರಶ್ನೆ: ಅಪ್ಪ ತೀರಿಕೊಂಡು ವರ್ಷವಾಯಿತು. ಡೊಂಬಿವಲಿ ಪೂರ್ವದಲ್ಲಿ ಅವರ ಹೆಸರಿನ ಫ್ಲ್ಯಾಟ್ ಇದೆ. ಸೊಸೈಟಿಯಲ್ಲಿ ನಾಮಿನಿ ನನ್ನ ತಮ್ಮ. ಮನೆಯನ್ನು ಲೀವ್ ಅಂಡ್ ಲೈಸೆನ್ಸ್ ಮೇಲೆ ಕೊಡಬೇಕೆಂದಿದ್ದೇವೆ. ಅಮ್ಮ ಕುಂದಾಪುರದ ಹತ್ತಿರ ಊರಿನಲ್ಲಿದ್ದಾರೆ. ‘ಎಲ್ಲ ಕಾಗದ ಕನ್ನಡದಲ್ಲಿ ಬರೆದು ಕಳಿಸು, ಓದಿ ಸಹಿ ಹಾಕುತ್ತೇನೆ’ ಎನ್ನುತ್ತಾರೆ. ಮೊಬೈಲಿನಲ್ಲಿ ಅನುವಾದಕ್ಕೆ ಹಾಕಿದರೆ ‘ರಜೆ ಮತ್ತು ಪರವಾನಗಿ ಒಪ್ಪಂದ’ ಎಂದು ಬಂತು. ಇಂಥ ಮಾತುಗಳಿಗೆ ಕನ್ನಡದಲ್ಲಿ ಸರಿಯಾದ ಪದವೇ ಇಲ್ಲವೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಪದ ಇದೆ. ಒಂದಲ್ಲ, ಬೇಕಾದಷ್ಟಿವೆ. ತೊಡಕಿರುವುದು ಅವುಗಳಲ್ಲಿ ಯಾವುದನ್ನು ಆರಿಸಬೇಕು ಎಂಬಲ್ಲಿ. ಓದದೆ ಸಹಿ ಹಾಕುವುದಿಲ್ಲ ಎಂದ ನಿಮ್ಮ ಅಮ್ಮನಿಗೆ ಮೊದಲು ನನ್ನ ನಮಸ್ಕಾರ ತಿಳಿಸಿ.

ಇಲ್ಲಿ ‘ಲೀವ್’ ಎಂದರೆ ಅನುಮತಿ. ಇಂಗ್ಲಿಷಿನ ಹಳೆಯ ಅರ್ಥ ಅದೇ. ನೌಕರಿಯ ರಜೆಯೂ ಬಿಟ್ಟುಹೋಗಲು ಸಿಕ್ಕ ಅನುಮತಿಯೇ. ‘ಲೈಸೆನ್ಸ್’ ಏನೆಂಬುದನ್ನು 1882ರ ಈಸ್‌ಮೆಂಟ್ ಕಾಯ್ದೆಯ 52ನೇ ಕಲಂ ಹೇಳುತ್ತದೆ: ಇನ್ನೊಬ್ಬರ ಸ್ವತ್ತಿನಲ್ಲಿ, ಅನುಮತಿ ಇಲ್ಲದಿದ್ದರೆ ತಪ್ಪಾಗುತ್ತಿದ್ದ ಕೆಲಸವನ್ನು ಮಾಡಲು ಸಿಕ್ಕ ಹಕ್ಕು, ಅಷ್ಟೇ. ಸ್ವತ್ತಿನ ಮೇಲೆ ಬೇರೆ ಯಾವ ಹಿತವೂ ಹುಟ್ಟುವುದಿಲ್ಲ. ‘ಲೀಸ್’ ಹಾಗಲ್ಲ. ಅದೇ ವರ್ಷದ ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಕಲಮಿನ ಪ್ರಕಾರ ಲೀಸಿನಲ್ಲಿ ಸ್ವತ್ತನ್ನು ಅನುಭವಿಸುವ ಹಕ್ಕೇ ಕೈಬದಲಾಗುತ್ತದೆ. ನಿಮ್ಮ ಕಾಗದದ ತಲೆಬರಹ ‘ಅನುಮತಿ ಮತ್ತು ಪರವಾನಗಿ ಕರಾರು’ ಎಂದಿರಲಿ. ‘ಲೈಸೆನ್ಸರ್’, ‘ಲೈಸೆನ್ಸೀ’ ಎಂಬಲ್ಲಿ ‘ಪರವಾನಗಿದಾರ’ ಎಂದು ಬರೆಯಬೇಡಿ. ಕೊಟ್ಟವನೋ ಪಡೆದವನೋ ಎಂದು ತಿಳಿಯುವುದಿಲ್ಲ. ‘ಪರವಾನಗಿ ಕೊಟ್ಟವರು’, ‘ಪರವಾನಗಿ ಪಡೆದವರು’ ಎಂದು ಬಿಡಿಸಿಯೇ ಬರೆಯಿರಿ. ಸಾಲು ಉದ್ದವಾದರೆ ಆಗಲಿ.

‘ಎಲ್ಲರೂ ಬಾಡಿಗೆ ಎಂದೇ ಹೇಳುತ್ತಾರಲ್ಲ’ ಎನ್ನಬಹುದು. ಮಾತಿನಲ್ಲಿ ಹೇಳಿದರೆ ಅಡ್ಡಿಯಿಲ್ಲ, ಕಾಗದದಲ್ಲಿ ಬೇಡ. 1947ರ ಮುಂಬಯಿ ಬಾಡಿಗೆ ಕಾಯ್ದೆ ಬಾಡಿಗೆದಾರನಿಗೆ ಗಟ್ಟಿ ರಕ್ಷಣೆ ಕೊಟ್ಟಿತ್ತು. ಬಾಡಿಗೆ ಏರಿಸುವಂತಿರಲಿಲ್ಲ, ಬಿಡಿಸುವುದು ಸುಲಭವಿರಲಿಲ್ಲ. ಅದರಿಂದ ತಪ್ಪಿಸಿಕೊಳ್ಳಲು ಮನೆಯ ಯಜಮಾನರು ಹಿಡಿದ ದಾರಿಯೇ ‘ನಾನು ಬಾಡಿಗೆಗೆ ಕೊಟ್ಟಿಲ್ಲ, ಇರಲು ಅನುಮತಿ ಮಾತ್ರ ಕೊಟ್ಟಿದ್ದೇನೆ’ ಎಂಬ ಈ ಲೀವ್ ಅಂಡ್ ಲೈಸೆನ್ಸ್. ಆಮೇಲೆ ಕಾನೂನೂ ಒಂದು ಹೆಜ್ಜೆ ಇಟ್ಟಿತು: 1973ರ ಫೆಬ್ರುವರಿ 1ರಂದು ಹೀಗೆ ಪರವಾನಗಿಯ ಮೇಲೆ ಇದ್ದವರನ್ನು ಬಾಡಿಗೆದಾರರೆಂದೇ ಭಾವಿಸತಕ್ಕದ್ದು ಎಂಬ ತಿದ್ದುಪಡಿ ಬಂತು. ಒಂದು ಪದದ ಈಚೆ ಆಚೆ ಎಷ್ಟೋ ಸಂಸಾರಗಳ ಸೂರು ನಿಂತಿತ್ತು. ಇಂದಿನ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 24ನೇ ಕಲಮಿನಂತೆ, ಅವಧಿ ಮುಗಿದ ಮೇಲೂ ಮನೆ ಬಿಡದವರು ತಿಂಗಳ ಶುಲ್ಕದ ಎರಡರಷ್ಟು ತೆರಬೇಕು. 55ನೇ ಕಲಮಿನಂತೆ ಕರಾರಿನ ನೋಂದಣಿ ಕಡ್ಡಾಯ, ಅದರ ಹೊಣೆ ಮನೆ ಕೊಟ್ಟವರದು. ನೋಂದಣಿ ಮಾಡಿಸದಿದ್ದರೆ, ಬೇರೆ ರೀತಿ ಸಾಬೀತಾಗುವ ತನಕ, ಷರತ್ತುಗಳ ಬಗ್ಗೆ ಮನೆಯಲ್ಲಿರುವವರು ಹೇಳಿದ್ದೇ ನಡೆಯುತ್ತದೆ. ತಲೆಬರಹದ ಪದವೊಂದೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದೂ ತಿಳಿಯಬೇಡಿ. ಹೆಸರಿಗಿಂತ ಒಳಗಿನ ತಿರುಳನ್ನು ನೋಡಬೇಕೆಂದು ಸುಪ್ರೀಂ ಕೋರ್ಟು 1959ರಲ್ಲೇ, ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ಹೇಳಿದೆ.

ಕನ್ನಡದಲ್ಲಿ ಪದವಿಲ್ಲವೇ ಎಂದು ಕೇಳಿದಿರಿ. ಈ ಕಷ್ಟ ಕನ್ನಡಕ್ಕೊಂದೇ ಅಂಟಿದ್ದಲ್ಲ. ಇಂಗ್ಲಿಷಿನ ‘ಲೀಸ್’ ಪೋಲಿಷ್ ಭಾಷೆಗೆ ಹೋಗುವಾಗ ಎರಡಾಗಿ ಒಡೆಯುತ್ತದೆ. ಬಳಸಲು ಮಾತ್ರ ಕೊಟ್ಟರೆ ‘ನಾಯೆಮ್’. ಬಳಸುವುದರ ಜೊತೆಗೆ ಅದರ ಫಲವನ್ನೂ ತೆಗೆದುಕೊಳ್ಳಬಹುದಾದರೆ ‘ಜೆರ್ಝಾವಾ’. 1964ರ ಅವರ ಸಿವಿಲ್ ಸಂಹಿತೆಯಲ್ಲಿ ಎರಡಕ್ಕೂ ಬೇರೆ ಬೇರೆ ನಿಯಮಗಳಿವೆ. ಮೂಲದಲ್ಲಿ ಬರೀ ಲೀಸ್ ಎಂದಿದ್ದರೆ ವಾರ್ಸಾದ ಅನುವಾದಕರು ನಿಘಂಟು ಮುಚ್ಚಿಟ್ಟು ಕರಾರಿನ ಒಳಗೆ ಇಣುಕಬೇಕು: ಕೊಟ್ಟದ್ದು ವಾಸದ ಮನೆಯೋ, ಸೇಬಿನ ತೋಟವೋ?

ನಿಮ್ಮ ಅಮ್ಮನಿಗೆ ಈ ಭೇದ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕರಾವಳಿಯಲ್ಲಿ ಮನೆಗೆ ಬಾಡಿಗೆ, ಗದ್ದೆಗೆ ಗೇಣಿ. ಗೇಣಿಯಲ್ಲೂ ವಂಶಪಾರಂಪರ್ಯವಾಗಿ ನಡೆಯುವುದು ಮೂಲಗೇಣಿ, ವರ್ಷವರ್ಷಕ್ಕೆ ನಡೆಯುವುದು ಚಾಲಗೇಣಿ. ಇಂಗ್ಲಿಷಿನವರು ಲೀಸ್ ಎಂಬ ಒಂದೇ ಚೀಲಕ್ಕೆ ತುಂಬಿದ್ದನ್ನು ನಮ್ಮವರು ಬೇರೆ ಬೇರೆ ಮುಡಿ ಕಟ್ಟಿಟ್ಟಿದ್ದರು. ಆದರೆ ಆ ಪದಗಳ ಜೊತೆ ನೆನಪುಗಳೂ ಇವೆ. 1974ರ ಭೂಸುಧಾರಣೆಯ ಹೊತ್ತಿನಲ್ಲಿ ಗೇಣಿದಾರರು ಡಿಕ್ಲರೇಶನ್ ಕೊಟ್ಟು ಭೂಮಿಯ ಒಡೆಯರಾದದ್ದನ್ನು ಆ ತಲೆಮಾರಿನವರು ಕಣ್ಣಾರೆ ಕಂಡವರು. ಡೊಂಬಿವಲಿಯ ಫ್ಲ್ಯಾಟನ್ನು ಗೇಣಿಗೆ ಕೊಡುತ್ತೇವೆ ಎಂದು ಬರೆದರೆ, ಇನ್ನು ಮನೆ ಕೈಬಿಟ್ಟಿತು ಎಂದೇ ಅಮ್ಮ ಎದೆಗುಂದಬಹುದು. ‘ಭೋಗ್ಯ’ ಎಂದರೆ ದೊಡ್ಡ ಮೊತ್ತ ಇಟ್ಟುಕೊಂಡು ತಿಂಗಳ ಬಾಡಿಗೆ ಇಲ್ಲದೆ ಕೊಡುವುದು. ಬೆಂಗಳೂರಿನವರು ಲೀಸ್ ಎಂದು ಕರೆಯುವುದು ಇದನ್ನೇ. ‘ಗುತ್ತಿಗೆ’ಯಂತೂ ಲೀಸಿಗೂ ಸಲ್ಲುತ್ತದೆ, ರಸ್ತೆ ಮಾಡುವ ಕಾಂಟ್ರ್ಯಾಕ್ಟಿಗೂ ಸಲ್ಲುತ್ತದೆ. ನವಿ ಮುಂಬಯಿಯಲ್ಲಿ ಸರಕಾರಿ ಸಂಸ್ಥೆ ಸಿಡ್ಕೋ 60 ವರ್ಷಕ್ಕೆಂದು ಕೊಟ್ಟ ನಿವೇಶನಗಳ ಕಾಗದ ಕನ್ನಡಕ್ಕೆ ತರುವಾಗ ‘ಗುತ್ತಿಗೆದಾರ’ ಎಂದಷ್ಟೇ ಬರೆದರೆ, ಓದುವವರ ಕಣ್ಣಿಗೆ ಕಟ್ಟಡ ಕಟ್ಟಿದವನು ಬರುತ್ತಾನೆ, ಜಾಗ ಪಡೆದವನಲ್ಲ.

ಇನ್ನು ನಾಮಿನಿ. ಇದೇ ನಿಮ್ಮ ಮನೆಯ ಮುಖ್ಯ ವಿಷಯ, ಲೀವ್ ಅಂಡ್ ಲೈಸೆನ್ಸ್ ಅಲ್ಲ. ನಾಮಿನಿ ಎಂಬುದನ್ನು ‘ವಾರಸುದಾರ’ ಎಂದು ಅನುವಾದಿಸಿದ ಕಾಗದಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದು ತಪ್ಪು, ಮನೆ ಒಡೆಯುವಂಥ ತಪ್ಪು. ನಾಮಿನಿ ಎಂದರೆ ಸದಸ್ಯ ತೀರಿಕೊಂಡಾಗ ಸೊಸೈಟಿ ಯಾರ ಜೊತೆ ವ್ಯವಹರಿಸಬೇಕು ಎಂದು ಬರೆದಿಟ್ಟ ಹೆಸರು. ನಾಮಿನಿ ಹಣ ಪಡೆದರೂ ಅದು ವಾರಸುದಾರರ ಸ್ವತ್ತೇ ಎಂದು 1983ರಲ್ಲಿ ಸರ್ಬತಿ ದೇವಿ ಪ್ರಕರಣದಲ್ಲಿ, ವಿಮೆಯ ಸಂಬಂಧದಲ್ಲಿ, ಸುಪ್ರೀಂ ಕೋರ್ಟು ಹೇಳಿತು. ಕಂಪನಿ ಷೇರುಗಳ ನಾಮಿನಿಯ ಬಗ್ಗೆಯೂ 2023ರ ಡಿಸೆಂಬರಿನಲ್ಲಿ ಅದೇ ನಿಲುವು ತಾಳಿತು. ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯಂತೆ, ವಾರಸುದಾರರು ಸದಸ್ಯರಾಗುವವರೆಗೆ ನಾಮಿನಿಗೆ ಸಿಗುವುದು ತಾತ್ಕಾಲಿಕ ಸದಸ್ಯತ್ವ. ಅಪ್ಪ ಮರಣಶಾಸನ ಬರೆದಿಡದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಮ್ಮ, ನೀವು, ತಮ್ಮ ಮೂವರಿಗೂ ಸಮಪಾಲು. ಅಪ್ಪನ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು. ಅದಕ್ಕೇ ಅನುವಾದದಲ್ಲಿ ‘ನಾಮಿನಿ’ ಎಂದೇ ಉಳಿಸಿ, ಕೆಳಗೆ ಒಂದು ಸಾಲು ಸೇರಿಸಿ: ‘ಸೊಸೈಟಿಯ ದಾಖಲೆಗಾಗಿ ಹೆಸರಿಸಲಾದವರು, ಇದರಿಂದ ಮಾಲೀಕತ್ವ ಬರುವುದಿಲ್ಲ.’

ಫ್ಲ್ಯಾಟನ್ನು ತಮ್ಮನ ಹೆಸರಿಗೆ ವರ್ಗಾಯಿಸಲು ಸೊಸೈಟಿ ಅಮ್ಮನಿಂದ ಕಾಗದ ಕೇಳುತ್ತದೆ. ಅದು ಎರಡು ಬಗೆಯದಾಗಿರಬಹುದು. ಒಂದು ‘ನಾ ಹರಕತ್’, ಅಂದರೆ ಆಕ್ಷೇಪವಿಲ್ಲ ಎಂಬ ಪತ್ರ. ಇನ್ನೊಂದು ‘ಹಕ್ಕಸೋಡ ಪತ್ರ’, ನಮ್ಮಲ್ಲಿ ಹಕ್ಕು ಬಿಡುಗಡೆ ಪತ್ರ. ಮೊದಲನೆಯದರಲ್ಲಿ ಅಮ್ಮ ‘ದಾಖಲೆಯಲ್ಲಿ ಮಗನ ಹೆಸರು ಬರಲಿ, ನನ್ನ ತಕರಾರಿಲ್ಲ’ ಎನ್ನುತ್ತಾರೆ. ಎರಡನೆಯದರಲ್ಲಿ ಅಮ್ಮ ಸ್ವಂತ ಪಾಲನ್ನೇ ಬಿಟ್ಟುಕೊಡುತ್ತಾರೆ. ಅದು ನೋಂದಣಿಯಾಗಬೇಕು, ಆದ ಮೇಲೆ ಮನಸ್ಸು ಬದಲಾಯಿತೆಂದು ಹಿಂದಕ್ಕೆ ಬರುವಂತಿಲ್ಲ. ಇವೆರಡನ್ನೂ ‘ಒಪ್ಪಿಗೆ ಪತ್ರ’ ಎಂದು ಅನುವಾದಿಸಿ ಊರಿಗೆ ಕಳಿಸುವವರಿದ್ದಾರೆ. ಕೆಲವರು ತಿಳಿಯದೆ ಹಾಗೆ ಮಾಡುತ್ತಾರೆ, ಕೆಲವರು ತಿಳಿದೇ. ಪಾಲು ಬಿಡುವುದು ಬಿಡದಿರುವುದು ಅಮ್ಮನ ಇಷ್ಟ. ಆದರೆ ಬಿಡುತ್ತಿದ್ದೇನೆ ಎಂದು ಅವರಿಗೆ ಗೊತ್ತಿರಬೇಕು.

ಮರಾಠಿ ಕಾಗದಗಳಲ್ಲಿ ಇನ್ನೊಂದು ಬಗೆಯ ಗುಂಡಿ ಇದೆ, ಪರಿಚಿತ ಮುಖದ ಪದಗಳು. ಮರಾಠಿಯ ‘ಕೂಳ’ ಎಂದರೆ ಗೇಣಿದಾರ. ನಮ್ಮಲ್ಲಿ ‘ದೊಡ್ಡ ಕುಳ’ ಎಂದರೆ ಸಿರಿವಂತ. ಕಲ್ಯಾಣದ ಆಚೆ ಜಾಗ ಕೊಳ್ಳುವವರು ಜಮೀನಿನ ದಾಖಲೆಯಾದ ಸಾತ್‌ಬಾರಾ ಉತಾರದಲ್ಲಿ ‘ಭೋಗವಟಾದಾರ’ ಎಂಬುದನ್ನು ಕಂಡು, ಜಾಗ ಭೋಗ್ಯಕ್ಕೆ ಹೋಗಿದೆ ಎಂದು ಗಾಬರಿಯಾಗುತ್ತಾರೆ. ಅದು ಕರ್ನಾಟಕದ ಕಾನೂನಿನ ‘ಅಧಿಭೋಗದಾರ’, ಜಮೀನನ್ನು ಹಕ್ಕಿನಿಂದ ಹೊಂದಿರುವವನು. ಗಾಬರಿಯಾಗಬೇಕಾದ ಜಾಗ ಅದರ ಮುಂದಿನದು. 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯಂತೆ ‘ವರ್ಗ 1’ ಇದ್ದರೆ ಮಾರಲು ನಿರ್ಬಂಧವಿಲ್ಲ, ‘ವರ್ಗ 2’ ಇದ್ದರೆ ನಿರ್ಬಂಧವಿದೆ, ಸರಕಾರದ ಅನುಮತಿ ಬೇಕಾಗುತ್ತದೆ. ಅದೇ ಭೋಗವಟಾ ಫ್ಲ್ಯಾಟಿಗೆ ಬಂದಾಗ ‘ಭೋಗವಟಾ ಪ್ರಮಾಣಪತ್ರ’, ಅಂದರೆ ಎಲ್ಲರೂ ಓಸಿ ಎನ್ನುವ ಸ್ವಾಧೀನಾನುಭವ ಪತ್ರ. ನಕಲಿ ಅನುಮತಿಗಳ ಮೇಲೆ ಎದ್ದ ಕಲ್ಯಾಣ-ಡೊಂಬಿವಲಿಯ 65 ಕಟ್ಟಡಗಳನ್ನು ಕೆಡವಲು 2024ರಲ್ಲಿ ಮುಂಬಯಿ ಹೈಕೋರ್ಟು ಆದೇಶಿಸಿದ್ದು ನೆನಪಿರಬಹುದು. ಅಲ್ಲಿ ದುಡಿಮೆಯೆಲ್ಲ ಸುರಿದು ಮನೆ ಕೊಂಡವರ ಸಂಕಟ ನೆನೆದರೆ, ಇಂಥ ಕಾಗದದ ಒಂದೊಂದು ಅಕ್ಷರವನ್ನೂ ಕೇಳಿ ತಿಳಿಯಿರಿ ಎಂದು ಎಲ್ಲರಿಗೂ ಹೇಳಬೇಕೆನಿಸುತ್ತದೆ.

ಮೂಲವೇ ಅಸ್ಪಷ್ಟವಾಗಿದ್ದರೆ ಏನು ಮಾಡಬೇಕು? ಇಂಗ್ಲಿಷ್ ಕರಾರುಗಳಲ್ಲಿ ‘ಶುಲ್ಕ ಪಾವತಿಸಲ್ಪಡತಕ್ಕದ್ದು’ ಎಂಬಂಥ ವಾಕ್ಯಗಳು ತುಂಬ. ಯಾರು ಪಾವತಿಸಬೇಕು ಎಂಬುದೇ ಇರುವುದಿಲ್ಲ. ಕನ್ನಡದ ಜಾಯಮಾನ ಕರ್ತೃವನ್ನು ಕೇಳುತ್ತದೆ, ಅನುವಾದಕ ಒಳ್ಳೆಯ ಮನಸ್ಸಿನಿಂದಲೇ ‘ಬಾಡಿಗೆದಾರರು ಕೊಡಬೇಕು’ ಎಂದು ತುಂಬಿಬಿಡುತ್ತಾನೆ. ಹಾಗೆ ಮಾಡಬಾರದು. ‘ಲಾಕ್-ಇನ್’ ಅವಧಿಯನ್ನು ‘ನಡುವೆ ಕರಾರು ಮುರಿಯುವಂತಿಲ್ಲದ ಅವಧಿ’ ಎಂದು ಬರೆಯಬಹುದು. ಅದು ಇಬ್ಬರನ್ನೂ ಕಟ್ಟುತ್ತದೆಯೋ ಒಬ್ಬರನ್ನೇ ಕಟ್ಟುತ್ತದೆಯೋ ಎಂದು ಮೂಲದಲ್ಲಿ ಇಲ್ಲದಿದ್ದರೆ, ಇಲ್ಲ ಎಂದೇ ಬದಿಯಲ್ಲಿ ಬರೆಯಿರಿ. ಆ ಬದಿಯ ಟಿಪ್ಪಣಿ ಹಿಡಿದು ವಕೀಲರ ಹತ್ತಿರ ಹೋಗಿ ಮೂಲವನ್ನೇ ತಿದ್ದಿಸಿ. ಸೊಸೈಟಿಯ ‘ನಾನ್-ಆಕ್ಯುಪೆನ್ಸಿ’ ಶುಲ್ಕವನ್ನು ‘ವಾಸವಿಲ್ಲದ ಶುಲ್ಕ’ ಎಂದರೆ, ‘ಮನೆಯಲ್ಲಿ ಜನ ಇದ್ದಾರಲ್ಲ’ ಎಂದು ಅಮ್ಮ ಕೇಳುತ್ತಾರೆ. ‘ಮಾಲೀಕರು ತಾವೇ ವಾಸಿಸದೆ ಬೇರೆಯವರಿಗೆ ಕೊಟ್ಟದ್ದಕ್ಕೆ ಸೊಸೈಟಿಗೆ ಕೊಡುವ ಶುಲ್ಕ’ ಎಂದು ಬಿಡಿಸಿ ಬರೆಯಿರಿ. ಸೇವಾ ಶುಲ್ಕದ ನೂರಕ್ಕೆ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದು ಸರಕಾರ 2001ರಲ್ಲೇ ಮಿತಿ ಹಾಕಿದೆ, ಅದನ್ನೂ ತಿಳಿಸಿ.

ಅನುವಾದದ ಬಲದ ಮಾತಿಗೆ ಬಂದರೆ, ಪೋಲೆಂಡ್ 2004ರಲ್ಲಿ ಐರೋಪ್ಯ ಒಕ್ಕೂಟ ಸೇರಿದ ಮೇಲೆ ಒಕ್ಕೂಟದ ಕಾನೂನಿನ ಪೋಲಿಷ್ ಪಠ್ಯಕ್ಕೂ ಇಂಗ್ಲಿಷ್ ಪಠ್ಯದಷ್ಟೇ ಬಲ ಬಂತು. ನೀವು ಮಾಡುವ ಕನ್ನಡ ಅನುವಾದಕ್ಕೆ ಆ ಬಲವಿಲ್ಲ. ಅದು ಅಮ್ಮನ ತಿಳಿವಳಿಕೆಗೆ, ಅವರ ಸಹಿ ಬೀಳುವುದು ಮೂಲಕ್ಕೇ. ಅಮ್ಮ ಇಷ್ಟು ದೂರ ಬರಲಾರರು ಎಂದಾದರೆ, 1908ರ ನೋಂದಣಿ ಕಾಯ್ದೆಯ 33ನೇ ಕಲಮಿನಂತೆ ಕುಂದಾಪುರದ ಉಪನೋಂದಣಾಧಿಕಾರಿಗಳ ಎದುರು ಮುಖ್ತಿಯಾರ್ ಪತ್ರ ಮಾಡಿ ದೃಢೀಕರಿಸಿಕೊಳ್ಳಬಹುದು. ನೋಂದಣಿಗೆ ತಂದ ಕಾಗದದ ಭಾಷೆ ಅಧಿಕಾರಿಗೆ ತಿಳಿಯದೆ, ಆ ಜಿಲ್ಲೆಯ ಬಳಕೆಯದೂ ಅಲ್ಲದಿದ್ದರೆ ಅಲ್ಲಿನ ಭಾಷೆಯ ನಿಜಾನುವಾದ ಜೊತೆಗಿರಬೇಕು ಎನ್ನುತ್ತದೆ 19ನೇ ಕಲಂ. ಮುಖ್ತಿಯಾರ್ ಪತ್ರವನ್ನು ಕನ್ನಡದಲ್ಲಿ ಬರೆಸಿದರೆ ಅದಕ್ಕೆ ಇಲ್ಲಿ ಮರಾಠಿ ಅನುವಾದ ಜೋಡಿಸಿಟ್ಟುಕೊಳ್ಳಿ.

ಕಾಗದ ಅಂಚೆಗೆ ಹಾಕಿ ಸುಮ್ಮನಾಗಬೇಡಿ. ನೀವೇ ಒಮ್ಮೆ ಊರಿಗೆ ಹೋಗಿ, ತಮ್ಮನನ್ನೂ ಕೂರಿಸಿಕೊಂಡು, ಅಮ್ಮನ ಎದುರು ಗಟ್ಟಿಯಾಗಿ ಓದಿ. ಓದಿ ಮುಗಿದ ಮೇಲೆ, ‘ಇದರಲ್ಲಿ ನೀವು ಏನು ಕೊಡುತ್ತಿದ್ದೀರಿ, ಏನು ಇಟ್ಟುಕೊಳ್ಳುತ್ತಿದ್ದೀರಿ, ಹೇಳಿ ಅಮ್ಮ’ ಎಂದು ಅವರನ್ನೇ ಕೇಳಿ. ಅವರು ಕುಂದಾಪುರದ ತಮ್ಮ ಮಾತಿನಲ್ಲಿ ಅದನ್ನು ಸರಿಯಾಗಿ ಹೇಳಿದ ಮೇಲಷ್ಟೇ ಕೈಗೆ ಪೆನ್ನು ಕೊಡಿ.