ಫಾಕ್ಸ್‌ಪ್ರೊ ಭಾಷೆಯಲ್ಲಿ ಅನ್ವಯದ ಬೆಲೆ

ಗಣಕಯಂತ್ರದ ಭಾಷೆ ಕಲಾವಿಭಾಗದವರಿಗೇಕೆಂದು ಸ್ನೇಹಿತರು ಕೇಳುವುದುಂಟು. ಹಳಗನ್ನಡ ಪದ್ಯಕ್ಕೆ ಅನ್ವಯ ಮಾಡಿದವರಿಗೆ ಇದು ಅಷ್ಟೇನೂ ಪರಕೀಯವಲ್ಲವೆಂದು ನನ್ನ ಎಣಿಕೆ.

ಫಾಕ್ಸ್‌ಪ್ರೊ ಎಂಬುದು ಅಮೆರಿಕದ ಓಹಾಯೊ ರಾಜ್ಯದ ಫಾಕ್ಸ್ ಸಾಫ್ಟ್‌ವೇರ್ ಸಂಸ್ಥೆಯವರು ಡಿಬೇಸ್‌ನ ಜಾಡಿನಲ್ಲಿ ರಚಿಸಿದ ದತ್ತಸಂಚಯದ ಭಾಷೆ. ಆ ಸಂಸ್ಥೆ ೧೯೯೨ರಲ್ಲಿ ಮೈಕ್ರೋಸಾಫ್ಟ್‌ನಲ್ಲಿ ಸೇರಿಹೋಯಿತು. ೨೦೧೫ರಲ್ಲಿ ಭಾಷೆಗಿದ್ದ ಬೆಂಬಲವೂ ನಿಂತಿತು. ಆದರೂ ನಾನು ಸಂಜೆ ಲೆಕ್ಕ ಬರೆಯಲು ಹೋಗುವ ಗೊಬ್ಬರದ ಅಂಗಡಿಯಲ್ಲಿ ಇಂದಿಗೂ ಅದೇ ಓಡುತ್ತಿದೆ. ನನ್ನ ತಂದೆಯವರಿಗೆ ಅಕ್ಷರ ಬಾರದು. ಅವರ ಬಾಕಿಯೂ ಆ ಪಟ್ಟಿಯಲ್ಲಿದೆ. ಯಂತ್ರ ಅದನ್ನು ಹೇಗೆ ಹುಡುಕುತ್ತದೆಂಬ ಕುತೂಹಲ ನನಗೆ ಹುಟ್ಟಿದುದು ಸಹಜ.

ಯಾವ ಷರತ್ತಿನಂತೆ ಹುಡುಕಬೇಕೆಂಬುದು ಪ್ರೋಗ್ರಾಂ ಬರೆಯುವವನಿಗೆ ಮೊದಲೇ ತಿಳಿದಿರದು. "ಊರು ಇಂಥದು, ಬಾಕಿ ೫,೦೦೦ಕ್ಕೆ ಮೇಲ್ಪಟ್ಟು" ಎಂಬುದು ಆಮೇಲೆ ಬರೀ ಅಕ್ಷರಗಳ ಸಾಲಾಗಿ ಒಂದು ಚರದಲ್ಲಿ ಬಂದು ಕೂರುತ್ತದೆ. ಅದಕ್ಕೆ ಅರ್ಥ ಕೊಡಿಸಲು ಎರಡು ದಾರಿಗಳುಂಟು. ಆಂಪರ್ಸಂಡ್ ಚಿಹ್ನೆಯ ಮ್ಯಾಕ್ರೊ ಆ ಅಕ್ಷರಗಳನ್ನು ಆಜ್ಞೆಯೊಳಕ್ಕೆ ಅಂಟಿಸಿ ಇಡೀ ಸಾಲನ್ನು ಹೊಸದಾಗಿ ಅನ್ವಯಿಸುತ್ತದೆ. ಇವ್ಯಾಲ್ಯುಯೇಟ್ ಎಂಬ ಫಂಕ್ಷನ್ ಆ ತುಣುಕಿನ ಬೆಲೆಯನ್ನಷ್ಟೇ ಕಂಡುಹಿಡಿಯುತ್ತದೆ.

ಮ್ಯಾಕ್ರೊ ನಿಧಾನ, ಇವ್ಯಾಲ್ಯುಯೇಟ್ ವೇಗ ಎಂದು ಬಲ್ಲವರು ಹೇಳುವುದು ವಾಡಿಕೆ. ಒಂದು ಬಿಡಿ ಸಾಲಿನ ಮಟ್ಟಿಗೆ ಅದು ನಿಜ. ಎಲ್ಲೆಡೆಗೂ ಅನ್ವಯಿಸುವ ಸೂತ್ರವಲ್ಲ. ೧೦,೦೦೦ ದಾಖಲೆಗಳ ಮೇಲೆ 'ಲಿಸ್ಟ್ ಫಾರ್' ಆಜ್ಞೆ ಕೊಟ್ಟೆವೆನ್ನಿ. ಮ್ಯಾಕ್ರೊವನ್ನು ಆರಂಭದಲ್ಲಿ ಒಮ್ಮೆ ಬಿಡಿಸಿದರೆ ಮುಗಿಯಿತು. ಮುಂದೆಲ್ಲ ಸಿದ್ಧವಾದ ಅರ್ಥವೇ. ಇವ್ಯಾಲ್ಯುಯೇಟ್ ಇಟ್ಟರೋ, ದಾಖಲೆಗೊಂದು ಸಲ ಆ ಅಕ್ಷರಗಳನ್ನು ಮತ್ತೆ ಓದಬೇಕು. ಒಂದೇ ಪದ್ಯಕ್ಕೆ ೧೦,೦೦೦ ಸಲ ಅನ್ವಯ ಮಾಡಿದಂತೆ! ಪರೀಕ್ಷೆಯಲ್ಲಿ ಒಮ್ಮೆ ಮಾಡುವುದೇ ನಮಗೆ ಸಾಕಾಗಿರುತ್ತದೆ.

ಅಷ್ಟೇ ಅಲ್ಲ. ೧೯೯೧ರ ಫಾಕ್ಸ್‌ಪ್ರೊ ೨.೦ರಲ್ಲಿ ಬಂದ ರಶ್‌ಮೋರ್ ತಂತ್ರವು, ಊರಿನ ಹೆಸರಿಗೆ ಸೂಚಿಯಿದ್ದರೆ, ಬೇರೆ ಊರಿನ ದಾಖಲೆಗಳನ್ನು ತೆರೆಯದೆಯೇ ಬಿಟ್ಟುಬಿಡುತ್ತದೆ. ಮ್ಯಾಕ್ರೊ ಬಿಡಿಸಿಟ್ಟ ಷರತ್ತು ಅದರ ಕಣ್ಣಿಗೆ ಬೀಳುತ್ತದೆ. ಇವ್ಯಾಲ್ಯುಯೇಟಿನ ಒಳಗೆ ಅಡಗಿದ್ದು ಬೀಳದು. ಆದುದರಿಂದ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡಲೇಬೇಕು. ಪಟ್ಟಿ ಬೆಳೆದಂತೆ ಕಟಕಟೆಯ ಮುಂದೆ ನಿಂತವರು ಕಾಯುವ ಹೊತ್ತೂ ಬೆಳೆಯುತ್ತದೆ.

ಒಮ್ಮೆ ಮಾತ್ರ ಬಿಡಿಸುವುದಕ್ಕೆ ಇನ್ನೊಂದು ಮುಖವೂ ಇದೆ. 'ಡೂ ವೈಲ್' ಆವರ್ತನದ ಷರತ್ತನ್ನು ಮ್ಯಾಕ್ರೊದಿಂದ ಬರೆದರೆ, ಒಳಗೆ ಚರದ ಅಕ್ಷರಗಳು ಬದಲಾದರೂ ಷರತ್ತು ಹಳೆಯದೇ ಉಳಿಯುತ್ತದೆ. ಅಂಥಲ್ಲಿ ಇವ್ಯಾಲ್ಯುಯೇಟ್ ಬಳಸಿ ಅದರ ನಿಧಾನವನ್ನು ಸಹಿಸತಕ್ಕದ್ದು. ತೆರೆಯಬೇಕಾದ ಕಡತದ ಹೆಸರು ಮಾತ್ರ ಬದಲಾಗುವುದಾದರೆ ಎರಡರ ಗೊಡವೆಯೂ ಬೇಡ. ಹೆಸರಿರುವ ಚರವನ್ನು ಕಂಸದೊಳಗಿಟ್ಟರೆ ಸಾಕು.